ಬೆಂಗಳೂರಿನ ಉದ್ಯಮ ಗುಚ್ಛಗಳು

ಒಂದೇ ಬಗೆಯ ಅಥವಾ ಒಂದಕ್ಕೊಂದು ಬೇಕಾಗುವ ಕಸುಬು, ಕಾರ್ಖಾನೆ, ಸೇವೆಗಳು ಮಹಾನಗರದ ಒಂದೇ ಭಾಗದಲ್ಲಿ ಒತ್ತಾಗಿ ನೆಲೆಗೊಂಡರೆ ಅದನ್ನು ಉದ್ಯಮ ಗುಚ್ಛ ಎನ್ನುತ್ತಾರೆ. ರೂಢಿಯ ಮಾತು ಕ್ಲಸ್ಟರ್. ಇದರ ಲಾಭವನ್ನು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲಿ ವಿವರಿಸಿದ. ನುರಿತ ಕೆಲಸಗಾರರು ಅಲ್ಲೇ ಸಿಗುತ್ತಾರೆ, ಬಿಡಿಭಾಗ ಒದಗಿಸುವವರು ಪಕ್ಕಕ್ಕೆ ಬರುತ್ತಾರೆ, ಒಬ್ಬರು ಕಂಡುಕೊಂಡ ಉಪಾಯ ನೆರೆಯವರಿಗೆ ಬೇಗ ತಿಳಿಯುತ್ತದೆ.

ಬೆಂಗಳೂರಿನಲ್ಲಿ ಈ ಚರಿತ್ರೆ ಊರಿನ ಹೆಸರುಗಳಲ್ಲೇ ಇದೆ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳು ಹಳೆಯ ಪೇಟೆಯೊಳಗಿನ ಗುಚ್ಛಗಳು. ಸರಕು ಬದಲಾದರೂ ಒಟ್ಟಿಗೆ ಕೂರುವ ಅಭ್ಯಾಸ ಬದಲಾಗಿಲ್ಲ: ಅಕ್ಕಿಪೇಟೆ ಈಗ ಔಷಧಿಯ ಸಗಟು ಪೇಟೆ, ಎಸ್.ಪಿ. ರಸ್ತೆ ಕಂಪ್ಯೂಟರ್ ಬಿಡಿಭಾಗಗಳದ್ದು, ಜೆ.ಸಿ. ರಸ್ತೆ ವಾಹನಗಳ ಬಿಡಿಭಾಗಗಳದ್ದು.

ಎರಡನೆಯ ಪದರ ಸರ್ಕಾರಿ ಕಾರ್ಖಾನೆಗಳದ್ದು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ದೂರವಾಣಿ ಉಪಕರಣಗಳ ಐಟಿಐ, 1953ರಲ್ಲಿ ಯಂತ್ರೋಪಕರಣಗಳ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಬಂದವು. ವಿಮಾನಪುರ, ದೂರವಾಣಿನಗರ ಎಂಬ ಹೆಸರುಗಳು ಆಗಿನವು.

ಈ ಕಾರ್ಖಾನೆಗಳ ಬಳುವಳಿ ಹೆಚ್ಚು ಸ್ಪಷ್ಟವಾಗಿ ಕಾಣುವುದು ಪೀಣ್ಯದಲ್ಲಿ. 1970ರ ದಶಕದಲ್ಲಿ ಬೆಳೆದ ಈ ಕೈಗಾರಿಕಾ ಪ್ರದೇಶ ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್‌ಗಳ ಮಗ್ಗುಲಲ್ಲಿದೆ. ದೊಡ್ಡ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡ ಹಲವರು ಇಲ್ಲಿ ತಾವೇ ಶೆಡ್ ಹಾಕಿದರು. ಒಬ್ಬರು ಎರಕ ಹೊಯ್ದದ್ದಕ್ಕೆ ಇನ್ನೊಬ್ಬರು ಟರ್ನಿಂಗ್ ಮಾಡುತ್ತಾರೆ, ಹೀಟ್ ಟ್ರೀಟ್‌ಮೆಂಟ್ ಬೇರೊಂದು ಬೀದಿಯಲ್ಲಿ, ಪ್ಲೇಟಿಂಗ್ ಮತ್ತೊಂದರಲ್ಲಿ. ಜಾಬ್ ವರ್ಕ್ ಎಂಬ ಈ ಹಂಚಿಕೆಯಿಂದಾಗಿ ಒಂದೇ ಯಂತ್ರ ಇಟ್ಟುಕೊಂಡವರೂ ಇಲ್ಲಿ ಬದುಕಬಲ್ಲರು. ಒಂಟಿಯಾಗಿ ಬೇರೆಡೆ ಹೋದರೆ ಅದೇ ಯಂತ್ರಕ್ಕೆ ಕೆಲಸ ಹುಡುಕುವುದೇ ಕೆಲಸವಾದೀತು. ಆದರೆ ಒತ್ತಾಗಿರುವುದಕ್ಕೆ ಬೆಲೆಯೂ ಇದೆ. ಕಾರ್ಖಾನೆಗಳ ತ್ಯಾಜ್ಯದಿಂದ ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದೆ.

ಎಲೆಕ್ಟ್ರಾನಿಕ್ ಸಿಟಿಯ ಕಥೆ ತಿರುಗುಮುರುಗು. ಇಲ್ಲಿ ಹೆಸರು ಮೊದಲು ಬಂತು, ಕಸುಬು ಆಮೇಲೆ. 1970ರ ದಶಕದ ಕೊನೆಯಲ್ಲಿ ಆರ್.ಕೆ. ಬಾಳಿಗರ ಮುಂದಾಳತ್ವದ ರಾಜ್ಯ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ ಹೊಸೂರು ರಸ್ತೆಯಲ್ಲಿ 332 ಎಕರೆಗಳ ಮೇಲೆ ಇದನ್ನು ರೂಪಿಸಿದ್ದು ಎಲೆಕ್ಟ್ರಾನಿಕ್ಸ್ ಕೈಗಾರಿಕೆಗೆ. ಹೆಸರು ಮಾಡಿದ್ದು ಸಾಫ್ಟ್‌ವೇರ್. ಪೂರ್ವದಲ್ಲಿ ವೈಟ್‌ಫೀಲ್ಡ್‌ನ ಐಟಿಪಿಎಲ್ ಟೆಕ್ ಪಾರ್ಕ್, ಬಳಿಕ ಹೊರ ವರ್ತುಲ ರಸ್ತೆಯ ಟೆಕ್ ಪಾರ್ಕ್‌ಗಳು ಇದೇ ಹಾದಿಯಲ್ಲಿ ಎದ್ದವು.

ಎಚ್‌ಎಂಟಿ, ಐಟಿಐಗಳು ಕಾರ್ಖಾನೆಯ ಜೊತೆಗೇ ನೌಕರರಿಗೆ ಕಾಲೊನಿ ಕಟ್ಟಿದ್ದವು. ಐಟಿ ಗುಚ್ಛಗಳು ಕಚೇರಿಯನ್ನಷ್ಟೇ ಕಟ್ಟಿ, ಮನೆಯನ್ನು ಮಾರುಕಟ್ಟೆಗೂ ಪ್ರಯಾಣವನ್ನು ರಸ್ತೆಗೂ ಬಿಟ್ಟವು. ನಗರದ ವಾಹನ ದಟ್ಟಣೆಗೆ ಇದು ಮುಖ್ಯ ಕಾರಣಗಳಲ್ಲೊಂದು. ರಸ್ತೆಗೆ ಪರ್ಯಾಯವಾಗಿ ಪೀಣ್ಯಕ್ಕೆ ಮೆಟ್ರೊ 2014ರಲ್ಲಿ, ವೈಟ್‌ಫೀಲ್ಡ್‌ಗೆ 2023ರಲ್ಲಿ ಬಂತು. ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ ಸಂಚಾರಕ್ಕೆ ತೆರೆದದ್ದು 2025ರ ಆಗಸ್ಟ್‌ನಲ್ಲಿ.