ಪ್ಲೇಟು ಯಾರದು, ಕೊರಳು ಯಾರದು?

1

ಹಳೆಯ ಗ್ರಾಮಫೋನ್ ಪ್ಲೇಟು ಕೂಡಿಡುವುದು ಹೊಟ್ಟೆ ತುಂಬಿದವರ ಶೋಕಿ ಅಂತ ನಮ್ಮ ಚಳುವಳಿಯ ಗೆಳೆಯರು ಒಂದೇ ಮಾತಿನಲ್ಲಿ ತಳ್ಳಿಹಾಕುವುದುಂಟು. ಶೋಕಿ ಹೌದು. ಆದರೆ ಯಾರ ಕೊರಳನ್ನು ಯಾರು ಕೂಡಿಟ್ಟರು, ಯಾರ ಕೊರಳು ಪ್ಲೇಟಿಗೆ ಹತ್ತಲೇ ಇಲ್ಲ, ಹತ್ತಿದ ಕೊರಳಿನ ಬೆಲೆ ಯಾರ ಜೇಬಿಗೆ ಹೋಯಿತು ಎಂದು ಕೇಳಿದ ಕೂಡಲೇ ಈ ಶೋಕಿಯೊಳಗಿನ ಚರಿತ್ರೆ ಬಾಯಿಬಿಡತೊಡಗುತ್ತದೆ. ದಲಿತ ವಿಮರ್ಶೆ ಇದುವರೆಗೆ ಹೆಚ್ಚಾಗಿ ಅಕ್ಷರವನ್ನೇ ನೋಡಿಕೊಂಡು ಬಂದಿದೆ. ಕಾವ್ಯ, ಕಾದಂಬರಿ, ಆತ್ಮಕಥೆ. ನಮ್ಮ ಹಿರೀಕರಿಗೆ ಅಕ್ಷರವನ್ನು ನಿರಾಕರಿಸಿದ ವ್ಯವಸ್ಥೆಗೆ ಅವರ ಕೊರಳನ್ನು ಕಿತ್ತುಕೊಳ್ಳಲು ಆಗಲಿಲ್ಲ. ಹಾಗಿದ್ದ ಮೇಲೆ ಕೊರಳಿನ ಚರಿತ್ರೆಯನ್ನು ಬರೆಯದೆ ನಮ್ಮ ಚರಿತ್ರೆ ಹೇಗೆ ಪೂರ್ತಿಯಾದೀತು?

ಮೊದಲು ಹೊರಗಿನ ಒಂದು ಉದಾಹರಣೆ ನೋಡೋಣ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕಾರು ಕಾರ್ಖಾನೆಯ ಕೂಲಿಯಾಗಿ ದುಡಿದಿದ್ದ ಬೆರಿ ಗಾರ್ಡಿ ಎಂಬ ಕಪ್ಪು ಯುವಕ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ತೆಗೆದುಕೊಂಡು ಒಂದು ರೆಕಾರ್ಡ್ ಕಂಪನಿ ಶುರುಮಾಡಿದ. ಅದೇ ಮುಂದೆ ಮೋಟೌನ್ ಆಯಿತು. ಚರ್ಚಿನಲ್ಲಿ ಕಪ್ಪು ಜನ ಎದೆ ಬಿರಿದು ಹಾಡುತ್ತಿದ್ದ ಧಾಟಿಯೂ ಬೀದಿಯ ಕುಣಿತದ ಲಯವೂ ಬೆರೆತ ಆ ಸಂಗೀತಕ್ಕೆ ‘ಸೋಲ್’ ಎಂಬ ಹೆಸರು ಬಂತು. ಸೋಲ್ ಅಂದರೆ ಆತ್ಮ. ಮೋಟೌನ್ ಗೆದ್ದಿತು, ನಿಜ. ಆದರೆ ಅದರ ಸುತ್ತಮುತ್ತ ನೂರಾರು ಸಣ್ಣ ಕಂಪನಿಗಳು ಕೆಲವೇ ನೂರು ಪ್ಲೇಟು ಒತ್ತಿಸಿ, ರೇಡಿಯೋದವರು ಹಾಕದೆ, ಅಂಗಡಿಯವರು ಕೊಳ್ಳದೆ ಮುಳುಗಿಹೋದವು. ಹಾಡಿದವರು ಮತ್ತೆ ಕೂಲಿಗೆ ಹೋದರು. ಪ್ಲೇಟುಗಳು ಗೋದಾಮು ಸೇರಿದವು.

ಅದೇ ಪ್ಲೇಟುಗಳನ್ನು ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ, ಗಣಿ ಊರುಗಳ ಬಿಳಿ ಕಾರ್ಮಿಕರ ಮಕ್ಕಳು ಹುಡುಕಿ ತಂದರು. ಮ್ಯಾಂಚೆಸ್ಟರಿನಲ್ಲಿ, ಆಮೇಲೆ ವಿಗನ್ ಎಂಬ ಊರಿನ ಕ್ಯಾಸಿನೋ ಹಾಲಿನಲ್ಲಿ ಅವುಗಳನ್ನು ಹಾಕಿಕೊಂಡು ರಾತ್ರಿಯಿಡೀ ಕುಣಿದರು. ವಿಗನ್ನಿನ ಈ ಇರುಳ ಕುಣಿತ 1973ರಿಂದ 1981ರವರೆಗೆ ನಡೆಯಿತು. ಡೇವ್ ಗೋಡಿನ್ ಎಂಬ ಬರಹಗಾರ ಇದಕ್ಕೆ ‘ನಾರ್ದರ್ನ್ ಸೋಲ್’ ಎಂದು ಹೆಸರಿಟ್ಟ. ಇಲ್ಲಿ ಪ್ಲೇಟು ಹಾಕುವವನೇ ದೊಡ್ಡ ಮನುಷ್ಯ. ಬೇರೆ ಯಾರ ಬಳಿಯೂ ಇಲ್ಲದ ಪ್ಲೇಟು ಅವನ ಬಳಿ ಇರಬೇಕು. ಅದೂ ಮೊದಲ ಸಲ ಒತ್ತಿದ ಅಸಲಿ ಪ್ಲೇಟೇ ಆಗಬೇಕು. ಮರುಮುದ್ರಣ ತಂದರೆ ಮರ್ಯಾದೆ ಹೋದಂತೆ.

2

ಈ ಕತೆಯಲ್ಲಿ ನಾವು ಗಮನಿಸಬೇಕಾದ ಸಂಗತಿಗಳು ಎರಡು.

ಒಂದು, ‘ಅಪರೂಪ’ ಎಂಬ ಮಾತಿನ ಅರ್ಥ. ಆ ಪ್ಲೇಟು ಅಪರೂಪವಾದದ್ದು ಅದು ಸೋತದ್ದರಿಂದ. ಫ್ರಾಂಕ್ ವಿಲ್ಸನ್ ಎಂಬ ಕಪ್ಪು ಹಾಡುಗಾರ 1965ರಲ್ಲಿ ಮೋಟೌನಿಗಾಗಿ ಹಾಡಿದ ಒಂದು ಹಾಡಿನ ಪ್ಲೇಟುಗಳು ಮಾರುಕಟ್ಟೆಗೆ ಬರದೆ ಬಹುಪಾಲು ನಾಶವಾದವು. ಕೈಬೆರಳಲ್ಲಿ ಎಣಿಸುವಷ್ಟು ಉಳಿದವು. ಅದರಲ್ಲಿ ಒಂದು 2009ರಲ್ಲಿ 25 ಸಾವಿರ ಪೌಂಡಿಗೂ ಮೇಲೆ ಮಾರಾಟವಾಯಿತು. ಹಳೆಯ ಪ್ಲೇಟು ಒಬ್ಬ ಸಂಗ್ರಾಹಕನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವಾಗ ಹಾಡಿದವನಿಗೆ ಒಂದು ಬಿಡಿಗಾಸಿನ ಹಕ್ಕೂ ಇಲ್ಲ. ಹಾಡಿದವನ ಸೋಲು ಇಟ್ಟುಕೊಂಡವನ ಆಸ್ತಿ. ಹಳ್ಳಿಯ ಮುರುಕು ಬಾಗಿಲು ನಗರದ ಬಂಗಲೆಗೆ ಬಂದು ‘ಆಂಟೀಕ್’ ಆಗುತ್ತದಲ್ಲ, ಹಾಗೇ ಇದು.

ಎರಡು, ಹೆಸರು ಮುಚ್ಚುವುದು. ತನ್ನ ಪ್ಲೇಟು ಯಾವುದೆಂದು ಎದುರಾಳಿಗೆ ಗೊತ್ತಾಗಬಾರದು ಅಂತ ಪ್ಲೇಟು ಹಾಕುವವನು ಲೇಬಲ್ಲಿನ ಮೇಲೆ ಬೇರೆ ಕಾಗದ ಅಂಟಿಸಿ ಸುಳ್ಳು ಹೆಸರು ಹೇಳುತ್ತಿದ್ದ. ಫ್ರಾಂಕ್ ವಿಲ್ಸನ್ನನ ಹಾಡನ್ನು ಕುಣಿಯುವ ಮಂದಿ ಮೊದಲು ಕೇಳಿದ್ದು ಎಡ್ಡಿ ಫಾಸ್ಟರ್ ಎಂಬ ಇನ್ನೊಬ್ಬನ ಹೆಸರಿನಲ್ಲಿ. ಕೊರಳು ಬೇಕು, ಹೆಸರು ಬೇಡ. ಈ ಮಾತು ನಮಗೆ ಎಲ್ಲೋ ಕೇಳಿದಂತಿದೆ ಅಲ್ಲವೇ?

ಇನ್ನು ‘ಅಸಲಿಯೇ ಆಗಬೇಕು’ ಎಂಬ ಹಟ. ಇದಕ್ಕೆ ಒಂದು ನ್ಯಾಯವೂ ಇದೆ. ಕಳ್ಳಮುದ್ರಣ ಮಾಡಿ ದುಡ್ಡು ಹೊಡೆಯುವವರಿಗೆ ಇದು ಕಡಿವಾಣ. ಪ್ಲೇಟಿನ ಒಳಸುತ್ತಿನಲ್ಲಿ ಕೊರೆದ ಅಂಕಿಗಳನ್ನು ಓದಿ ಇದು ಯಾವ ಊರಲ್ಲಿ, ಯಾವ ಕಾರ್ಖಾನೆಯಲ್ಲಿ ಒತ್ತಿದ್ದು ಎಂದು ಪತ್ತೆ ಹಚ್ಚುವ ಕಣ್ಣು ಚರಿತ್ರೆಕಾರನ ಕಣ್ಣೇ. ಎಷ್ಟೋ ಕಪ್ಪು ಗಾಯಕರ ಹೆಸರು ಉಳಿದದ್ದು ಇಂಥ ಹಟಮಾರಿಗಳಿಂದ ಎಂಬುದನ್ನು ಮರೆಯಬಾರದು. ಆದರೆ ಹಾಡಿಗಿಂತ ಪ್ಲೇಟಿನ ಜಾತಿಕುಲವೇ ಮುಖ್ಯವಾದಾಗ ಅದು ಮಡಿಯಾಗಿಬಿಡುತ್ತದೆ. ಮಡಿ ಯಾವ ದೇಶದಲ್ಲಿ ಹುಟ್ಟಿದರೂ ಅದರ ಗುಣ ಒಂದೇ: ಮುಟ್ಟುವವರ ಸಂಖ್ಯೆಯನ್ನು ಕಡಿಮೆ ಮಾಡುವುದು.

3

ಈಗ ನಮ್ಮ ನೆಲಕ್ಕೆ ಬರೋಣ. ವಿನೈಲ್ ಬರುವ ಮುಂಚೆ, ನಿಮಿಷಕ್ಕೆ 78 ಸುತ್ತಿನ ಪ್ಲೇಟನ್ನು ಮಾಡುತ್ತಿದ್ದದ್ದು ಅರಗಿನಿಂದ. ಅರಗಿಗೆ ಕಲ್ಲಿನ ಪುಡಿ, ಮಸಿ, ಹತ್ತಿಯ ನಾರು ಬೆರೆಸಿ ಒತ್ತುತ್ತಿದ್ದರು. ಜಗತ್ತಿನ ಅರಗಿನ ದೊಡ್ಡ ಪಾಲು ಹೋಗುತ್ತಿದ್ದದ್ದು ಭಾರತದಿಂದ. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ, ಕುಸುಮ ಮರಗಳ ಕೊಂಬೆಯಿಂದ ಆದಿವಾಸಿಗಳು ಹೆರೆದು ತೆಗೆದ ಅರಗು ಅದು. ಎರಡನೇ ಮಹಾಯುದ್ಧದಲ್ಲಿ ಈ ಸರಬರಾಜಿಗೆ ತೊಡಕಾದಾಗ, 1942ರಲ್ಲಿ ಅಮೆರಿಕ ಸರ್ಕಾರ ಪ್ಲೇಟು ಕಂಪನಿಗಳಿಗೆ ಅರಗಿನ ಪಡಿತರ ಹಾಕಬೇಕಾಯಿತು. ಅಂದರೆ ನ್ಯೂಯಾರ್ಕಿನ ಹಾಡು ನಮ್ಮ ಕಾಡುಜನರ ಬೆರಳಿಗೆ ಅಂಟಿಕೊಂಡಿತ್ತು.

ಅರಗು ಅಂದಕೂಡಲೇ ನಮಗೆ ನೆನಪಾಗುವುದು ಭಾರತದ ಅರಗಿನ ಮನೆ. ಪಾಂಡವರು ಸುರಂಗದಲ್ಲಿ ಪಾರಾದರು ಎಂದು ಎಲ್ಲರೂ ಹೇಳುತ್ತಾರೆ. ಆ ರಾತ್ರಿ ಅದೇ ಮನೆಯಲ್ಲಿ ಮಲಗಿದ್ದ ನಿಷಾದ ಹೆಂಗಸೂ ಅವಳ ಐದು ಗಂಡುಮಕ್ಕಳೂ ಸುಟ್ಟು ಬೂದಿಯಾದರು, ಅವರ ಹೆಣಗಳನ್ನೇ ಪಾಂಡವರ ಹೆಣವೆಂದು ಲೋಕ ನಂಬಿತು ಎಂಬುದನ್ನು ಹೇಳುವವರು ಕಡಿಮೆ. ಆ ತಾಯಿಗೆ ಕಾವ್ಯ ಒಂದು ಹೆಸರನ್ನೂ ಕೊಡಲಿಲ್ಲ. ಅರಗಿನ ಪ್ಲೇಟಿನ ಚರಿತ್ರೆಯೂ ಹೀಗೇ ಓದಿಸಿಕೊಳ್ಳುತ್ತದೆ.

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಗ್ರಾಮಫೋನ್ ಕಂಪನಿಗಾಗಿ ಭಾರತದ ಹಾಡುಗಳನ್ನು ಮುದ್ರಿಸಿಕೊಂಡ. ಆಗ ಹಾಡಿದವರಲ್ಲಿ ಗೌಹರ್ ಜಾನ್ ಪ್ರಸಿದ್ಧಳು. ಪ್ಲೇಟನ್ನು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಗೊತ್ತಾಗಲಿ ಅಂತ ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳಿದಳು. ‘ಮರ್ಯಾದಸ್ಥ’ ಹೆಂಗಸರು ಹಾಡಲು ಹಿಂಜರಿದ ಕಾಲದಲ್ಲಿ ತವಾಯಫರು, ದೇವದಾಸಿಯರು ಮುಂದೆ ಬಂದು ಹಾಡಿದರು. ಯಾವ ಮನೆಯ ಪಡಸಾಲೆ ಅವರನ್ನು ಮರ್ಯಾದೆಯಿಂದ ಬರಮಾಡಿಕೊಳ್ಳುತ್ತಿರಲಿಲ್ಲವೋ ಆ ಪಡಸಾಲೆಗೆ ಅವರ ಕೊರಳು ಪೆಟ್ಟಿಗೆಯೊಳಗೆ ಕೂತು ಹೋಯಿತು. ಗೌಹರ್ ಜಾನ್ ಕೊನೆಗಾಲಕ್ಕೆ ಬಂದದ್ದು ನಮ್ಮ ಮೈಸೂರಿಗೆ. 1928ರಲ್ಲಿ ಅರಮನೆಯ ಆಸ್ಥಾನಕ್ಕೆ ಸೇರಿ, 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡಳು.

ಸರಿ, ತವಾಯಫಳ ಕೊರಳು ಹತ್ತಿತು. ನೀಲಗಾರನ ಕೊರಳು ಯಾಕೆ ಹತ್ತಲಿಲ್ಲ? ತಮಟೆ ಯಾಕೆ ಹತ್ತಲಿಲ್ಲ? ಇದಕ್ಕೆ ಯಂತ್ರದ್ದೂ ಕಾರಣವಿದೆ, ಸಮಾಜದ್ದೂ ಇದೆ. 1925ಕ್ಕೆ ಮುಂಚೆ ಮೈಕು ಇರಲಿಲ್ಲ. ತುತ್ತೂರಿಯಂಥ ಕೊಳವೆಯ ಮುಂದೆ ಹಾಡಬೇಕಿತ್ತು. ಜೋರು ಚರ್ಮವಾದ್ಯದ ಪೆಟ್ಟನ್ನು ಅದರ ಮುಳ್ಳು ತಡೆದುಕೊಳ್ಳುತ್ತಿರಲಿಲ್ಲ. ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಇರುಳಿಡೀ ಹಾಡುವ ಮಂಟೇಸ್ವಾಮಿ ಕಾವ್ಯವನ್ನು ಮೂರು ನಿಮಿಷಕ್ಕೆ ಕತ್ತರಿಸುವುದು ಹೇಗೆ? ಆದರೆ ಯಂತ್ರದ ಮೇಲೇ ಪೂರ್ತಿ ತಪ್ಪು ಹೊರಿಸಿ ಕೈ ತೊಳೆದುಕೊಳ್ಳುವಂತಿಲ್ಲ. ರಾಗದ ಆಲಾಪನೆಯೂ ಗಂಟೆಗಟ್ಟಲೆಯದೇ. ಅದನ್ನು ಮೂರು ನಿಮಿಷಕ್ಕೆ ಇಳಿಸಿದರು, ಯಾಕೆಂದರೆ ಕೊಳ್ಳುವವರಿದ್ದರು. ಯಾರ ಮನೆಯಲ್ಲಿ ಪೆಟ್ಟಿಗೆ ಇತ್ತೋ ಅವರ ಕಿವಿಯೇ ಕಂಪನಿಯ ಕ್ಯಾಟಲಾಗು ಆಯಿತು. ಜಾತಿ ಇಲ್ಲಿ ಅಡ್ಡ ನಿಂತು ತಡೆಯಬೇಕಾಗಲಿಲ್ಲ. ಮಾರುಕಟ್ಟೆಯೇ ಜಾತಿಯ ಕೆಲಸವನ್ನು ಮಾಡಿಕೊಟ್ಟಿತು.

4

ಉತ್ತರ ಬೆಂಗಳೂರಿನ ಗಂಗಾನಗರದಿಂದ ಬಳ್ಳಾರಿ ರಸ್ತೆಯಲ್ಲಿ ಮೇಖ್ರಿ ಸರ್ಕಲ್ಲಿನ ಕಡೆ ಬಂದರೆ ಅರಮನೆ ಮೈದಾನ ಸಿಗುತ್ತದೆ. ಪ್ಲೇಟುಗಳ ಚರಿತ್ರೆಯನ್ನು ಬರೆಯುವವರು ಈ ಅರಮನೆಯ ಒಡೆಯರನ್ನು ಬಿಟ್ಟು ಬರೆಯಲಾರರು. ಜಯಚಾಮರಾಜ ಒಡೆಯರ್ (1919–1974) ಕರ್ನಾಟಕ ಸಂಗೀತದ ವಾಗ್ಗೇಯಕಾರರು, ಜೊತೆಗೆ ಪಾಶ್ಚಾತ್ಯ ಸಂಗೀತದ ಅಪ್ಪಟ ಹುಚ್ಚರು. ಅವರ ಬಳಿ ಪ್ಲೇಟುಗಳ ದೊಡ್ಡ ಸಂಗ್ರಹವಿತ್ತೆಂದು ಅವರ ಅತಿಥಿಯಾಗಿ ಮೈಸೂರಿಗೆ ಬಂದಿದ್ದ ಎಚ್‌ಎಂವಿ ಕಂಪನಿಯ ವಾಲ್ಟರ್ ಲೆಗ್ ದಾಖಲಿಸಿದ್ದಾನೆ. ಲಂಡನ್ನಿನಲ್ಲಿ ಯಾರಿಗೂ ಬೇಡವಾಗಿ ಮುಪ್ಪಿನಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳನ್ನು ಅವನಿಂದಲೇ ನುಡಿಸಿ ಪ್ಲೇಟು ಮಾಡಿಸಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಈ ಮಹಾರಾಜರು. 1951ರಲ್ಲಿ ಮೆಟ್ನರ್ ಸತ್ತ. ಇವತ್ತು ಅವನ ಸ್ವಂತ ಕೈಯ ನುಡಿತ ಇಷ್ಟು ವಿಸ್ತಾರವಾಗಿ ಕೇಳಸಿಗುತ್ತದೆ ಅಂದರೆ ಮೈಸೂರಿನ ದುಡ್ಡಿನಿಂದ.

ಇದನ್ನು ಹಂಗಿಸಲು ಹೇಳುತ್ತಿಲ್ಲ. ಮರೆಗೆ ಸರಿದ ಒಬ್ಬ ಕಲಾವಿದನನ್ನು ಉಳಿಸಿದ್ದು ಒಳ್ಳೆಯ ಕೆಲಸವೇ. ಆದರೆ ಆ ದುಡ್ಡು ಬಂದದ್ದು ಯಾವ ರೈತರ, ಯಾವ ಕೂಲಿಗಳ ಬೆವರಿನಿಂದಲೋ, ಆ ಜನ ಅದೇ ಮೈಸೂರು ಸೀಮೆಯ ಜಗುಲಿಗಳಲ್ಲಿ, ಜಾತ್ರೆಗಳಲ್ಲಿ ಇರುಳಿಡೀ ಹಾಡುತ್ತಿದ್ದರು. ಉಳಿಸುವ ಶಕ್ತಿ ಯಾರ ಕೈಯಲ್ಲಿರುತ್ತದೋ ಅವರ ಕಿವಿಗೆ ಬಿದ್ದದ್ದು ಮಾತ್ರ ಉಳಿಯುತ್ತದೆ. ಸಂಗ್ರಹ ಎನ್ನುವುದು ಅಭಿರುಚಿಯ ಮಾತಾಗುವ ಮುಂಚೆ ಅಧಿಕಾರದ ಮಾತು.

ಅದೇ ಅರಮನೆ ಮೈದಾನದಲ್ಲಿ 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಹಾಡಿತು. ಆ ಬಿಳಿಯರ ತಂಡಕ್ಕೆ ಹೆಸರು ಸಿಕ್ಕಿದ್ದು ಮಡ್ಡಿ ವಾಟರ್ಸ್ ಎಂಬ ಕಪ್ಪು ಗಾಯಕನ ಹಾಡಿನಿಂದ. ಮಡ್ಡಿ ವಾಟರ್ಸ್ ಮಿಸಿಸಿಪಿಯ ಹತ್ತಿ ತೋಟದ ಆಳು. 1941ರಲ್ಲಿ ಸರ್ಕಾರಿ ಗ್ರಂಥಾಲಯದ ಪರವಾಗಿ ಅಲನ್ ಲೋಮ್ಯಾಕ್ಸ್ ಅಲ್ಲಿಗೆ ಬಂದು ಅವನ ಹಾಡನ್ನು ಮುದ್ರಿಸಿಕೊಂಡ. ಆಮೇಲೆ ಪ್ಲೇಟನ್ನು ಅವನಿಗೂ ಕಳಿಸಿಕೊಟ್ಟ. ಆ ಆಳು ತನ್ನ ಕೊರಳನ್ನು ತಾನೇ ಕೇಳಿ, ನಾನೂ ಹಾಡುಗಾರ ಎಂದುಕೊಂಡ. ಎರಡು ವರ್ಷದಲ್ಲಿ ತೋಟ ಬಿಟ್ಟು ಷಿಕಾಗೋಗೆ ಹೊರಟ. ಹಾಡನ್ನು ಕೊಂಡೊಯ್ಯುವುದು ಎಲ್ಲ ವಿದ್ವಾಂಸರಿಗೂ ಗೊತ್ತು. ಹಾಡಿದವನಿಗೆ ಅದನ್ನು ವಾಪಸ್ಸು ತಲುಪಿಸಿದಾಗ ಏನಾಗುತ್ತದೆ ಎಂಬುದಕ್ಕೆ ಈ ಘಟನೆ ಸಾಕ್ಷಿ.

5

ನಮ್ಮಲ್ಲಿ ಪ್ಲೇಟು ಹಾಕುವ ಡೀಜೆ ಇರಲಿಲ್ಲವೇ? ಇದ್ದ. ಅವನನ್ನು ಮೈಕ್‌ಸೆಟ್ಟಿನವನು ಅನ್ನುತ್ತಿದ್ದೆವು. ಮದುವೆ, ಜಾತ್ರೆ, ರಾಜ್ಯೋತ್ಸವ, ಅಂಬೇಡ್ಕರ್ ಜಯಂತಿ ಎಲ್ಲಕ್ಕೂ ಹಾರ್ನ್ ಕಟ್ಟಿ, ಸಿನಿಮಾ ಹಾಡಿನ ಪ್ಲೇಟು ಹಾಕುತ್ತಿದ್ದವನು ಅವನೇ. ಪೆಟ್ಟಿಗೆ ಇಲ್ಲದ ಕೇರಿಯ ಜನ ಪ್ಲೇಟಿನ ಸಂಗೀತ ಕೇಳಿದ್ದು ಬಾಡಿಗೆಯ ಆ ಹಾರ್ನಿನಿಂದ. ಹಾಡು ಎಲ್ಲರಿಗೂ ಕೇಳಿಸಿತು. ಆದರೆ ಹಾರ್ನಿನಿಂದ ಬಂದದ್ದು ನಮ್ಮ ಕೊರಳಲ್ಲ.

ನಮ್ಮ ಕೊರಳು ದೊಡ್ಡದಾಗಿ ಕೇಳಿದ್ದು ಎಪ್ಪತ್ತರ ದಶಕದಲ್ಲಿ. 1973ರ ಬೂಸಾ ಪ್ರಕರಣ, ಅದರ ಬೆನ್ನಿಗೇ ದಲಿತ ಸಂಘರ್ಷ ಸಮಿತಿ, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. ಆ ಪದ್ಯಗಳನ್ನು ಓದಿದವರಿಗಿಂತ ಹಾಡಿದವರು ಹೆಚ್ಚು. ಯಾವ ಕಂಪನಿಯ ಲೇಬಲ್ಲಿಗೂ ಕಾಯದೆ ಅವು ಕೊರಳಿಂದ ಕೊರಳಿಗೆ, ಊರಿಂದ ಊರಿಗೆ ನಡೆದುಹೋದವು. ಆಮೇಲೆ ಕ್ಯಾಸೆಟ್ ಬಂತು. ಪ್ಲೇಟು ಒತ್ತಲು ಕಾರ್ಖಾನೆ ಬೇಕು. ಕ್ಯಾಸೆಟ್ಟಿಗೆ ಒಂದು ಟೇಪ್‌ರೆಕಾರ್ಡರ್ ಸಾಕು. ನಮ್ಮ ಹೋರಾಟದ ಹಾಡುಗಳು ಕ್ಯಾಸೆಟ್ಟಿಗೆ ಹತ್ತಿದವು. ‘ಅಸಲಿ’ ಯಾವುದು ಎಂದು ಇಲ್ಲಿ ಯಾರೂ ಕೇಳಲಿಲ್ಲ. ಪ್ರತಿಯ ಪ್ರತಿಯೂ ಅಸಲಿಯೇ. ಮಡಿಗೆ ಇದು ನಮ್ಮ ಉತ್ತರ.

ಆದರೆ ಈ ಉತ್ತರಕ್ಕೆ ನಾವು ಬೆಲೆ ತೆರಬೇಕಾಗಿದೆ. ಅರಗಿನ ಪ್ಲೇಟು ಕೈಜಾರಿದರೆ ಒಡೆಯುತ್ತದೆ, ಒಡೆಯದಿದ್ದರೆ ನೂರು ವರ್ಷ ಬಾಳುತ್ತದೆ. ಕ್ಯಾಸೆಟ್ಟಿನ ನಾಡಕ್ಕೆ ಬೂಸಲು ಹಿಡಿಯುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಧ್ವನಿ ಸವೆಯುತ್ತದೆ. ಅಂದು ಹಾಡಿದವರಲ್ಲಿ, ಬರೆದವರಲ್ಲಿ ಎಷ್ಟೋ ಮಂದಿ ಈಗ ಇಲ್ಲ. ಸಿದ್ಧಲಿಂಗಯ್ಯನವರೂ 2021ರಲ್ಲಿ ಹೋದರು. ಅಲೆಮಾರಿ ಬುಡ್ಗ ಜಂಗಮ ಸಮುದಾಯದ ದರೋಜಿ ಈರಮ್ಮ ಬುರ್ರಕಥೆಯ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು; 2014ರಲ್ಲಿ ತೀರಿಕೊಂಡರು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಅದಕ್ಕೆ ಮುಂಚೆ ತಮಟೆ ಬಡಿದು ಸತ್ತ ಸಾವಿರಾರು ಕೈಗಳ ಒಂದು ಪೆಟ್ಟಾದರೂ ಎಲ್ಲಿ ಉಳಿದಿದೆ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೆಣದ ಮುಂದೆ ತಮಟೆ ಬಡಿಯುವುದನ್ನು ಬಿಡಿ ಎಂದದ್ದು ನಮ್ಮದೇ ಚಳುವಳಿ. ಅವಮಾನದ ವಾದ್ಯವನ್ನು ಕೂಡಿಡಬೇಕೇ? ಬಿಟ್ಟಿ ಚಾಕರಿಯನ್ನು ಬಿಡಬೇಕು ಅಂದದ್ದು ಸರಿ. ಆದರೆ ಚಾಕರಿ ಬೇರೆ, ಆ ಕೈಯ ವಿದ್ಯೆ ಬೇರೆ. ಚಾಕರಿಯನ್ನು ಸುಡೋಣ, ವಿದ್ಯೆಯನ್ನು ಬರೆದಿಡೋಣ. ನಾವು ಇಡದಿದ್ದರೆ ಇನ್ನೊಬ್ಬರು ಇಡುತ್ತಾರೆ. ಲೇಬಲ್ಲಿನ ಮೇಲೆ ‘ಜಾನಪದ’ ಎಂಬ ಕಾಗದ ಅಂಟಿಸಿ ಇಡುತ್ತಾರೆ. ವಿಗನ್ನಿನ ಆ ಸುಳ್ಳು ಹೆಸರಿಗೂ ನಮ್ಮ ಈ ಜಾನಪದ ಎಂಬ ಹೆಸರಿಗೂ ಏನು ವ್ಯತ್ಯಾಸ? ಕಾನೂನೂ ನಮ್ಮ ಪರ ಇದ್ದದ್ದು ಕಡಿಮೆ. 1957ರ ಕೃತಿಸ್ವಾಮ್ಯ ಕಾಯ್ದೆ ಧ್ವನಿಮುದ್ರಣದ ಹಕ್ಕನ್ನು ಕೊಟ್ಟದ್ದು ಮುದ್ರಿಸಿದ ನಿರ್ಮಾಪಕನಿಗೆ. ಹಾಡಿದವರಿಗೂ ಒಂದು ಹಕ್ಕುಂಟು ಎಂಬ ಮಾತು ಕಾಯ್ದೆಯೊಳಗೆ ಬಂದದ್ದು 1994ರ ತಿದ್ದುಪಡಿಯಲ್ಲಿ.

ಆದ್ದರಿಂದ ಓದುಗ ಗೆಳೆಯರಿಗೆ, ಅದರಲ್ಲೂ ವಿದ್ಯಾರ್ಥಿಗಳಿಗೆ ಹೇಳುವ ಮಾತಿಷ್ಟು. ನಿಮ್ಮ ಕೇರಿಯ ಅಟ್ಟದ ಮೇಲೆ, ಸಂಘದ ಹಳೆಯ ಟ್ರಂಕಿನಲ್ಲಿ ಕ್ಯಾಸೆಟ್ಟು ಬಿದ್ದಿದ್ದರೆ ಮೊದಲು ತೆಗೆದು ಪ್ರತಿ ಮಾಡಿಸಿ. ಯಾವ ಸಭೆ, ಯಾವ ವರ್ಷ, ಯಾರು ಹಾಡಿದ್ದು, ತಮಟೆ ಯಾರದು, ದನಿಗೂಡಿಸಿದ ಹೆಂಗಸರು ಯಾರು, ಬದುಕಿರುವವರನ್ನು ಕೇಳಿ ಬರೆದಿಡಿ. ಒಂದು ಪ್ರತಿಯನ್ನು ಹಾಡಿದವರ ಮನೆಗೆ ಕೊಟ್ಟು ಬನ್ನಿ. ಸಂಗ್ರಾಹಕನ ಹಟವನ್ನು ಕಲಿಯೋಣ, ಅವನ ಬೀಗವನ್ನು ಕಲಿಯುವುದು ಬೇಡ. ಗೌಹರ್ ಜಾನ್ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ಪ್ಲೇಟು ಸುತ್ತಿದಾಗಲೆಲ್ಲ ಅದು ಕೇಳುತ್ತದೆ. ನಮ್ಮವರಿಗೆ ಆ ಅವಕಾಶ ಸಿಗಲಿಲ್ಲ. ಅವರ ಹೆಸರನ್ನು ಈಗ ನಾವು ಹೇಳಬೇಕು.