ಊರನ್ನೇ ಹೊತ್ತು ಹೊರಟ ದಂಡು

ಸಾತಪುರಕ್ಕೆ ಬಂದು ನೆಲೆಸಿದ ಕನ್ನಡ ಮನೆಗಳಲ್ಲಿ ಒಂದಲ್ಲ ಒಂದು ಬೇಡದ ಸಾಮಾನು ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಅದು ಬೀಸುವ ಕಲ್ಲು. ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ವಿಜಾಪುರದ ಕಡೆಯ ನಮ್ಮ ಹಳ್ಳಿಯನ್ನು ಬಿಟ್ಟು ಹೊರಟ ದಿನ, "ಅಲ್ಲಿ ರೊಟ್ಟಿ ಹಿಟ್ಟಿಗೆ ಯಾರ ಮನಿ ಬಾಗಲಾ ಬಡೀತಿ?" ಎಂದು ಅವ್ವ ಅದನ್ನು ಲಾರಿಗೆ ಏರಿಸಿಯೇ ಬಿಟ್ಟಳು. ಇಲ್ಲಿ ಬಂದು ನೋಡಿದರೆ ಗಲ್ಲಿಗೊಂದು ಹಿಟ್ಟಿನ ಗಿರಣಿ! ಅಂದಿನಿಂದ ನಾಲ್ಕು ಸಲ ಮನೆ ಬದಲಿಸಿದ್ದೇವೆ. ನಾಲ್ಕು ಸಲವೂ ಕಲ್ಲು ನಮ್ಮ ಜೊತೆ ಬಂದಿದೆ. ಅದನ್ನು ಬಿಟ್ಟು ಬರೋಣವೆಂದು ಬಾಯಿ ಬಿಟ್ಟು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಕಳೆದ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಯೇವಲೆ, ವೈಜಾಪುರದ ದಾರಿಯಾಗಿ ಖುಲ್ದಾಬಾದಿಗೆ ಹೋಗಿದ್ದೆವು. ಎರಡು ದಿನದ ಪ್ರವಾಸಕ್ಕೆ ಏಳು ಚೀಲ. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂಬ ಹೆಸರು ಪಡೆದ ಔರಂಗಾಬಾದಿಗೆ ಸಮೀಪದ ಈ ಊರಿನಲ್ಲಿ ಔರಂಗಜೇಬ ಬಾದಶಹನ ಗೋರಿಯಿದೆ. ಮೇಲೆ ಗುಮ್ಮಟವಿಲ್ಲ, ನೆತ್ತಿಯ ಮೇಲೆ ಬರಿಯ ಆಕಾಶ, ಕೆಳಗೆ ಮಣ್ಣು. ನಮ್ಮ ಕೃಷ್ಣೆಯ ದಂಡೆಯಿಂದ ತನ್ನ ಕೊನೆಯ ಪ್ರಯಾಣ ಹೊರಟು ಇಲ್ಲಿಗೆ ಬಂದು ಮುಟ್ಟಿದ ಈ ಮನುಷ್ಯನ ಹಿಂದೆ ಎಂತಹ ಸಾಮಾನು ಸರಂಜಾಮು ಇತ್ತೆಂಬುದನ್ನು ಬಲ್ಲವರಿಗೆ ಅಲ್ಲಿ ನಿಂತಾಗ ವಿಚಿತ್ರವೆನಿಸದೆ ಇರದು.

1681ರಲ್ಲಿ ಅಜಮೇರಿನಿಂದ ಹೊರಟ ಬಾದಶಹ 1682ರ ಮಾರ್ಚಿನಲ್ಲಿ ಔರಂಗಾಬಾದ್ ಮುಟ್ಟಿದ. ಭಾನುವಾರ ನಮ್ಮ ಹುಡುಗರು ಹತ್ತಿ ಬರುವ ನಾಸಿಕದ ರಾಮಸೇಜ್ ಕೋಟೆಗೆ ಅವನ ಸೈನ್ಯ ಮುತ್ತಿಗೆ ಹಾಕಿದ್ದೂ ಅದೇ ವರ್ಷ. ಆ ಸಣ್ಣ ಗುಡ್ಡ ವರ್ಷಗಟ್ಟಲೆ ಕೈಗೆ ಸಿಗಲಿಲ್ಲ. 1686ರಲ್ಲಿ ವಿಜಾಪುರ, ಮರುವರ್ಷ ಗೋಲ್ಕೊಂಡ ಬಿದ್ದವು. ಬಂದ ಕೆಲಸ ಮುಗಿಯಿತೆಂದು ಉತ್ತರಕ್ಕೆ ಮರಳಬಹುದಿತ್ತು. ಮರಳಲಿಲ್ಲ.

ಮೊಗಲರ ಪ್ರಯಾಣದ ಪದ್ಧತಿಯೇ ಬೇರೆ. ಬಾದಶಹನಿಗೆ ಎರಡು ಜೊತೆ ಡೇರೆಗಳು. ಒಂದರಲ್ಲಿ ಆತ ಮಲಗಿರುವಾಗ ಇನ್ನೊಂದು ಮುಂದಿನ ಬಿಡಾರಕ್ಕೆ ಹೋಗಿ ಸಿದ್ಧವಾಗಿರಬೇಕು. ಇದಕ್ಕೆ ಪೇಶಖಾನೆ ಎಂದು ಹೆಸರು. ದಿಲ್ಲಿಯಿಂದ ಕಾಶ್ಮೀರಕ್ಕೆ ಹೋಗಿಬರುವ ವಿಹಾರಕ್ಕೆ ಇದು ಸರಿ. ಇಪ್ಪತ್ತೈದು ವರ್ಷದ ಯುದ್ಧಕ್ಕೆ?

1695ರಲ್ಲಿ ಈ ಪಾಳೆಯ ಈಗಿನ ಬಾಗಲಕೋಟೆ ಜಿಲ್ಲೆಯ ಗಲಗಲಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ ಬೀಡುಬಿಟ್ಟಿತ್ತು. ಆಗ ಅಲ್ಲಿಗೆ ಬಂದ ಗೆಮೆಲ್ಲಿ ಕರೆರಿ ಎಂಬ ಇಟಲಿಯ ಪ್ರವಾಸಿ ಅದರ ಲೆಕ್ಕ ಬರೆದಿಟ್ಟಿದ್ದಾನೆ. ಅವನ ಪ್ರಕಾರ ಕುದುರೆ ಸವಾರರು 60,000, ಕಾಲಾಳು 1,00,000, ಸಾಮಾನು ಹೊರಲು 50,000 ಒಂಟೆ, 3,000 ಆನೆ. ಪಾಳೆಯದೊಳಗೆ 250 ಬಜಾರು, ಸುತ್ತಳತೆ 30 ಮೈಲಿ. ಪರದೇಶಿಯ ಲೆಕ್ಕ, ಅವರಿವರ ಬಾಯಿಂದ ಕೇಳಿದ್ದು ಎಂದು ಅರ್ಧಕ್ಕೆ ಇಳಿಸಿದರೂ ಗಲಗಲಿಯ ರೈತನ ಹೊಲದಲ್ಲಿ ಒಂದು ಹುಲ್ಲುಕಡ್ಡಿ ಉಳಿದಿರಲಾರದು.

ಇದನ್ನು ಬರೀ ದೊಡ್ಡಸ್ತಿಕೆ ಎಂದು ಬಿಡುವುದು ನ್ಯಾಯವಲ್ಲ. ಬಾದಶಹ ಇದ್ದಲ್ಲೇ ರಾಜಧಾನಿ. ಖಜಾನೆ, ದಫ್ತರು, ಜನಾನಾ, ಕಮ್ಮಾರರು, ದರ್ಜಿಗಳು ಎಲ್ಲರೂ ಅಲ್ಲೇ ಇರಬೇಕು. ಬರದ ಸೀಮೆಯಲ್ಲಿ ಬಂಜಾರರ ಎತ್ತುಗಳ ಮೇಲೆ ಧಾನ್ಯ ಬಾರದಿದ್ದರೆ ದಂಡು ಉಪವಾಸ. ಆದರೆ ಧಾನ್ಯ ಹೊತ್ತ ಎತ್ತಿಗೂ ಮೇವು ಬೇಕು, ಮೇವು ಹೊತ್ತ ಒಂಟೆಗೂ ಮೇವು ಬೇಕು! ಎದುರಿಗಿದ್ದ ಮರಾಠಾ ಸವಾರನಿಗೋ ಒಂದು ಕುದುರೆ, ಒಂದು ಕಂಬಳಿ, ಗಂಟಿನಲ್ಲಿ ಒಂದಿಷ್ಟು ರೊಟ್ಟಿ.

ಭಾರ ಇಳಿಸಬೇಕೆಂದು ಬಾದಶಹನಿಗೆ ಹೊಳೆಯಲಿಲ್ಲವೆಂದಲ್ಲ. 1699ರಲ್ಲಿ ಭೀಮಾ ತೀರದ ಬ್ರಹ್ಮಪುರಿಯಲ್ಲಿ ಹೆಂಗಸರನ್ನೂ ಹೆಚ್ಚಿನ ಸಾಮಾನನ್ನೂ ಬಿಟ್ಟು ತಾನು ಕೋಟೆಗಳ ಬೆನ್ನುಹತ್ತಿದ. ಆದರೆ ಉಳಿಸಿಕೊಂಡದ್ದೇ ಕಡಿಮೆಯೇನೂ ಇರಲಿಲ್ಲ. 1700ರ ಅಕ್ಟೋಬರಿನ ಒಂದು ರಾತ್ರಿ ಮಾಣ ನದಿಯ ನೆರೆ ಪಾಳೆಯಕ್ಕೇ ನುಗ್ಗಿತು. ಗಾಬರಿಯಲ್ಲಿ ಎಡವಿದ ಬಾದಶಹನ ಮೊಣಕಾಲಿನ ಕೀಲು ತಪ್ಪಿ ಜೀವಮಾನವಿಡೀ ಕುಂಟುವಂತಾಯಿತು. 1702ರಲ್ಲಿ ಖೇಳಣಾ, ಅಂದರೆ ವಿಶಾಳಗಡ, ಗೆದ್ದು ಸುರಿಯುವ ಮಳೆಯಲ್ಲಿ ಪನ್ಹಾಳದತ್ತ ಇಳಿಯುವಾಗ ಸುಮಾರು ಮೂವತ್ತು ಮೈಲಿ ದಾರಿಗೆ ಮೂವತ್ತೆಂಟು ದಿನ ಹಿಡಿಯಿತು. ದಿನಕ್ಕೆ ಒಂದು ಮೈಲಿಯೂ ಇಲ್ಲ. ಕೆಸರಿನಲ್ಲಿ ಒಂಟೆಗಳು ಕುಸಿದವು, ಹೊರುವವರಿಲ್ಲದ ಸಾಮಾನು ಬಿದ್ದಲ್ಲೇ ಉಳಿಯಿತು. ಬುದ್ಧಿ ಹೇಳಿದಾಗ ಬಿಡದ್ದನ್ನು ಮಳೆ ಬಿಡಿಸಿತು.

ಇದಕ್ಕಿಂತ ನನ್ನ ಮನಸ್ಸನ್ನು ಕಲಕಿದ್ದು ಭೀಮಸೇನನ ಮಾತು. ಬುರಹಾನಪುರದಲ್ಲಿ ಹುಟ್ಟಿದ ಈ ಕಾಯಸ್ಥ ಅದೇ ದಂಡಿನಲ್ಲಿ ಚಾಕರಿ ಮಾಡುತ್ತ ತಾನು ಕಂಡದ್ದನ್ನು ಫಾರಸಿಯಲ್ಲಿ ಬರೆದ. ಮನೆಯವರನ್ನು ಅಗಲಿರಲಾರದೆ ಜನ ಹೆಂಡತಿಯರನ್ನು ಪಾಳೆಯಕ್ಕೇ ಕರೆಸಿಕೊಂಡರು, ಅಲ್ಲೇ ಮಕ್ಕಳಾದವು, ಡೇರೆಯ ಹೊರತು ಬೇರೆ ಮನೆಯೆಂಬುದೊಂದು ಇದೆಯೆಂದು ಆ ಮಕ್ಕಳಿಗೆ ತಿಳಿಯದು ಎನ್ನುತ್ತಾನೆ. ಸಾತಪುರದಲ್ಲೇ ಹುಟ್ಟಿದ ನಮ್ಮ ಮಕ್ಕಳನ್ನು "ನಿಮ್ಮೂರು ಯಾವುದಪ್ಪಾ?" ಎಂದು ಯಾರಾದರೂ ಕೇಳಿದರೆ ಅವು ಒಂದು ಗಳಿಗೆ ಸುಮ್ಮನಾಗುತ್ತವಲ್ಲ, ಅದು ನೆನಪಾಯಿತು. ಬಾದಶಹ ಸಾಮಾನನ್ನು ಇಳಿಸಬಹುದಿತ್ತು. ಪಾಳೆಯವನ್ನೇ ಊರೆಂದುಕೊಂಡವರನ್ನು ಎಲ್ಲಿ ಇಳಿಸುವುದು?

ಕೊನೆಯ ಮುತ್ತಿಗೆ ನಮ್ಮ ನಾಡಿನಲ್ಲೇ ಆಯಿತು. 1705ರ ಫೆಬ್ರವರಿಯಲ್ಲಿ, ಎಂಬತ್ತಾರು ದಾಟಿದ ಬಾದಶಹ ಸುರಪುರದ ಬಳಿಯ ವಾಗಿನಗೇರಾ ಕೋಟೆಗೆ ಬಂದ. ಬೇಡರ ದೊರೆ ಪಿಡ್ಡನಾಯಕ ಕಾದಾಡಿದ, ಸಂಧಿಯ ಮಾತಾಡಿ ಕಾಲ ತಳ್ಳಿದ, ಮರಾಠರ ನೆರವು ಪಡೆದ. ಏಪ್ರಿಲ್ ಕೊನೆಗೆ ಒಂದು ರಾತ್ರಿ ತನ್ನ ಜನರೊಡನೆ ಕೋಟೆಯಿಂದ ಜಾರಿಕೊಂಡ. ಗೆದ್ದವರಿಗೆ ಸಿಕ್ಕಿದ್ದು ಉರಿಯುತ್ತಿದ್ದ ಮನೆಗಳು. ಆಮೇಲೆ ಕೃಷ್ಣೆಗೆ ಹತ್ತಿರದ ದೇವಾಪುರದಲ್ಲಿ ಬಾದಶಹ ಕಾಯಿಲೆ ಬಿದ್ದ. ಅಕ್ಟೋಬರಿನಲ್ಲಿ ಪಲ್ಲಕ್ಕಿಯಲ್ಲಿ ಹೊರಟು 1706ರ ಜನವರಿಯಲ್ಲಿ ಅಹಮದನಗರ (ಇಂದಿನ ಅಹಿಲ್ಯಾನಗರ) ಸೇರಿದ. 1707ರ ಮಾರ್ಚ್ 3ರಂದು ಅಲ್ಲೇ ತೀರಿಕೊಂಡ.

ಮಗ ಆಜಮ್ ಶಹ ಪಟ್ಟಕ್ಕಾಗಿ ಬೇಸಗೆಯ ಬಿಸಿಲಿನಲ್ಲೇ ಉತ್ತರಕ್ಕೆ ಧಾವಿಸಿದ. ಅವಸರದವನಿಗೆ ಈಗ ಎಲ್ಲವೂ ಭಾರವೇ. ಆ ಮೇ ತಿಂಗಳಲ್ಲಿ ನರ್ಮದೆಯಾಚೆ ದೋರಾಹದ ಬಳಿ ಅವನು ಕಳಚಿಕೊಂಡದ್ದು ತೋಪನ್ನಲ್ಲ, ಒಬ್ಬ ಮನುಷ್ಯನನ್ನು. ಸಂಭಾಜಿಯ ಮಗ ಶಾಹು 1689ರಲ್ಲಿ ರಾಯಗಡ ಬಿದ್ದಾಗ ಏಳು ವರ್ಷದ ಹುಡುಗ. ಸೆರೆಯಾಗಿ ಇದೇ ಪಾಳೆಯದ ಡೇರೆಗಳಲ್ಲಿ ಬೆಳೆದು ಇಪ್ಪತ್ತೈದರವನಾಗಿದ್ದ. ಅವನನ್ನು ಬಿಟ್ಟರೆ ಮರಾಠರೊಳಗೇ ಜಗಳ ಹತ್ತೀತೆಂಬ ಲೆಕ್ಕಾಚಾರ. ಜಗಳ ಹತ್ತಿತು ನಿಜ. ಆದರೆ ಆಜಮ್ ಮರುತಿಂಗಳೇ ಆಗ್ರಾದ ಸಮೀಪ ಜಾಜವಿನಲ್ಲಿ ಅಣ್ಣನ ಸೈನ್ಯದೆದುರು ಹತನಾದ, ಶಾಹು 1708ರಲ್ಲಿ ಸಾತಾರೆಯಲ್ಲಿ ಪಟ್ಟವೇರಿದ.

ಶಾಹುವಿನ ತಾಯಿ ಯೇಸೂಬಾಯಿಯನ್ನು ಮಾತ್ರ ಬಿಡಲಿಲ್ಲ. ಮಗ ಮಾತು ತಪ್ಪದಿರಲೆಂದು ಆಕೆಯನ್ನು ಒತ್ತೆಯಾಳಾಗಿ ಇಟ್ಟುಕೊಂಡರು. ಆಕೆ ಮರಳಿ ಮಗನ ಮುಖ ಕಂಡದ್ದು 1719ರಲ್ಲಿ.