ಪಾತ್ರದ ಕಟ್ಟಳೆ: ದೊಡ್ಡಾಟ, ಸಣ್ಣಾಟ, ಪಾರಿಜಾತ

ಬಯಲಾಟದಲ್ಲಿ ದೊಡ್ಡಾಟದ ಪಾತ್ರ ಕಠಿಣ, ಸಣ್ಣಾಟದ್ದು ಯಾರು ಬೇಕಾದರೂ ಮಾಡುವಂಥದ್ದು ಎಂಬ ಮಾತು ಈಚೆಗೆ ತರಬೇತಿ ಶಿಬಿರಗಳಲ್ಲಿ ಪಾಠದಂತೆಯೇ ನಡೆದಿದೆ. ಕಿರೀಟ, ಭುಜಕೀರ್ತಿ ಕಂಡರೆ ಕಟ್ಟಳೆ ಹೆಚ್ಚು, ಧೋತರ ಉಟ್ಟು ಬಂದರೆ ಕಟ್ಟಳೆಯೇ ಇಲ್ಲ ಎಂಬ ಲೆಕ್ಕ. ಕರೋಶಿ, ಚಿಕ್ಕೋಡಿ, ಹುಕ್ಕೇರಿ ಕಡೆ ಬೆಳತನಕ ಕೂತು ಆಟ ನೋಡಿದವರು ಹೀಗೆ ಹೇಳಲಾರರು.

ದೊಡ್ಡಾಟದ ಹಿಂದಿನ ಚರಿತ್ರೆಯನ್ನು ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಪುರಾಣದ ಕಥೆ, ರಾಜವೇಷ, ಏರುದನಿಯ ಮಾತು. ರಂಗಕ್ಕೆ ಬಂದ ಪಾತ್ರವನ್ನು ಸಾರಥಿ ತಡೆದು ಹೆಸರು, ಊರು, ಪರಾಕ್ರಮ ಕೇಳುತ್ತಾನೆ; ಪಾತ್ರ ಬಾಯಿಪಾಠದ ಉತ್ತರ ಒಪ್ಪಿಸುತ್ತದೆ. ಕಟ್ಟಳೆ ದಂಡಿಯಾಗಿದೆ, ನಿಜ. ಆದರೆ ಅದು ನಟನ ಬೆನ್ನಿಗೆ ನಿಲ್ಲುವ ಕಟ್ಟಳೆ.

ಸಣ್ಣಾಟದಲ್ಲಿ ಆ ಆಸರೆ ಇಲ್ಲ. ಬೈಲಹೊಂಗಲದಲ್ಲಿ ನಡೆದ ಕೊಲೆಯಿಂದ ಹುಟ್ಟಿದ ‘ಸಂಗ್ಯಾ ಬಾಳ್ಯಾ’ದ ಬಾಳ್ಯಾ, ಗೆಳೆಯನ ಹೆಗಲ ಮೇಲೆ ಕೈಯಿಟ್ಟುಕೊಂಡೇ ಅವನನ್ನು ಕೊಲೆಗೆ ಒಪ್ಪಿಸಬೇಕು. ಸಂತೆಗೆ ಹೋಗುವ ಬಟ್ಟೆಯಲ್ಲೇ ಅಷ್ಟನ್ನೂ ಮಾಡಬೇಕು.

ನನ್ನ ಮಟ್ಟಿಗೆ ಈ ವಿಷಯದ ತಿರುಳಿರುವುದು ‘ಶ್ರೀಕೃಷ್ಣ ಪಾರಿಜಾತ’ದಲ್ಲಿ. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡದ ತಮ್ಮಣ್ಣ ಆಟಕ್ಕೆ ಒಗ್ಗಿಸಿದ. ಕೌಜಲಗಿಯ ನಿಂಗಮ್ಮ ಅದನ್ನು ಊರೂರಿಗೆ ಮುಟ್ಟಿಸಿದಳು. ಇಲ್ಲಿ ಆಟ ನಡೆಸುವ ಭಾಗವತ ಒಬ್ಬನೇ, ಕೆಲಸ ಹಲವು. ಕೃಷ್ಣನ ಮುಂದೆ ಭಾಗವತ, ಸತ್ಯಭಾಮೆಯ ಮುಂದೆ ದೂತಿ. ವೇಷ ಬದಲಾಗುವುದಿಲ್ಲ, ದನಿ ಬದಲಾಗುತ್ತದೆ. ಭಾಮೆ ಗ್ರಂಥದ ಮಾತಿನಲ್ಲಿ ತನ್ನ ಹಿರಿಮೆ ಹೇಳಿಕೊಳ್ಳುತ್ತಾಳೆ. ದೂತಿ ಬೇಕೆಂದೇ ತಪ್ಪಾಗಿ ತಿಳಿದು, ‘ಹಂಗಂದ್ರ ಏನವ್ವಾ?’ ಎಂದು ಊರಮಾತಿಗೆ ಎಳೆಯುತ್ತಾಳೆ. ಈಗ ಭಾಮೆ ಸಿಟ್ಟನ್ನೂ ಬಿಡಬಾರದು, ರಾಣಿತನವನ್ನೂ ಬಿಡಬಾರದು, ಮುಂದಿನ ಹಾಡಿನ ಎತ್ತುಗಡೆಗೂ ಬಂದು ಮುಟ್ಟಬೇಕು. ಕಟ್ಟಳೆ ಇಷ್ಟೇ. ಇಷ್ಟರಲ್ಲೇ ಒಳ್ಳೊಳ್ಳೆಯ ಕಲಾವಿದೆಯರು ಬೆವತದ್ದನ್ನು ನೋಡಿದ್ದೇನೆ.

ಕಟ್ಟಳೆ ಹೆಚ್ಚೋ ಪಾತ್ರ ಹೆಚ್ಚೋ ಎಂಬ ಪ್ರಶ್ನೆ ನಮ್ಮದಷ್ಟೇ ಅಲ್ಲ. ಅಮೆರಿಕದಲ್ಲಿ 1974ರಲ್ಲಿ ಗೇರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಮೇಜಿನ ಸುತ್ತ ಕೂತು ಪಾತ್ರವಾಗಿ ಮಾತಾಡುವ ಆಟ. ಬಲ, ಬುದ್ಧಿ ಮೊದಲಾದ 6 ಗುಣಗಳನ್ನು ದಾಳ ಉರುಳಿಸಿ ಗೊತ್ತುಮಾಡುತ್ತಾರೆ. ಮೂರು ಸಣ್ಣ ಪುಸ್ತಕಗಳಲ್ಲಿದ್ದ ನಿಯಮ ಬರಬರುತ್ತ ದಪ್ಪ ಸಂಪುಟಗಳಾಯಿತು. ನಿಯಮ ಹೆಚ್ಚಾದರೆ ಪಾತ್ರ ತುಂಬಿಕೊಳ್ಳುತ್ತದೋ ಸೊರಗುತ್ತದೋ ಎಂಬ ಜಗಳ ಅಲ್ಲಿ ಇಂದಿಗೂ ಮುಗಿದಿಲ್ಲ. ಅಲ್ಲಿಯೂ ಆಟ ನಡೆಸುವವನೊಬ್ಬ ಉಳಿದ ಪಾತ್ರಗಳೆಲ್ಲದರ ಮಾತನ್ನೂ ಆಡುತ್ತಾನೆ. ನಮ್ಮ ಭಾಗವತನಿಗೆ ಅವನು ಹೊಸಬನಲ್ಲ.

ಘೋಡಗೇರಿಯ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ 1972ರಲ್ಲಿ ಬೆಂಗಳೂರಿನ ರಂಗಕ್ಕೆ ಬಂದಾಗ ನಗರದವರು ಬಯಲಾಟದತ್ತ ಕಣ್ಣು ತೆರೆದರು. ಕಂಬಾರರ ಋಣ ದೊಡ್ಡದು. ಆದರೆ ಆಮೇಲೆ ಬಂದ ಅನೇಕರು ಹಾಡು, ಕುಣಿತ ಎತ್ತಿಕೊಂಡು, ಎದುರಿನವನನ್ನು ಇಕ್ಕಟ್ಟಿಗೆ ಸಿಕ್ಕಿಸುವ ಪ್ರಶ್ನೆಯನ್ನು ಇಲ್ಲೇ ಬಿಟ್ಟುಹೋದರು. ನಿಪ್ಪಾಣಿ, ಕಾಗವಾಡ ಗಡಿಯಾಚೆಯ ತಮಾಶಾದ ಗೌಳಣಿಗೂ ಪಾರಿಜಾತದ ಗೊಲ್ಲತಿಗೂ ಇರುವ ನೆಂಟಸ್ತನವನ್ನು ಈ ಪ್ರಶ್ನೆಯ ದಿಕ್ಕಿನಿಂದ ನೋಡಿದವರೂ ಕಡಿಮೆ.

ಅಚ್ಚಾದ ಪ್ರತಿಯಲ್ಲಿ ಹಾಡು ಸಿಗುತ್ತದೆ. ಆ ರಾತ್ರಿ ಆ ಊರಲ್ಲಿ ದೂತಿ ಏನು ಕೇಳಿದಳು ಎಂಬುದು ಸಿಗುವುದಿಲ್ಲ. ದಾಖಲೆಯೆಂದು ಒಂದೇ ಪ್ರದರ್ಶನವನ್ನು, ಅದೂ ಎರಡು ತಾಸಿಗೆ ಕತ್ತರಿಸಿ, ಚಿತ್ರೀಕರಿಸುವ ಬದಲು ಒಂದೇ ಮೇಳವನ್ನು ಎರಡು ಊರುಗಳಲ್ಲಿ ಇಡೀ ರಾತ್ರಿ ಹಿಡಿದಿಡಬೇಕು. ಹಳೆಯ ಭಾಗವತರು ಇನ್ನೂ ಇದ್ದಾರೆ.